ಮುದ್ದೆಯನ್ನು ಮೊದಲು ಕಂಡವರು

ಹಳೆಯ ವೈಜ್ಞಾನಿಕ ಚಲನಚಿತ್ರಗಳಲ್ಲಿ ಬರುವ ಲೋಳೆಮುದ್ದೆ, ನಡೆದಾಡುವ ಮಿದುಳು ಮೊದಲಾದ ಭೂತಗಳ ಬಗ್ಗೆ ಎರಡೇ ಬಗೆಯ ಮಾತುಗಳನ್ನು ಕೇಳುತ್ತ ಬಂದಿದ್ದೇನೆ. ಅವು ಅಗ್ಗದ ನಗೆಪಾಟಲು ಎಂಬುದು ಒಂದು. ಅವು ಅಮೆರಿಕದವರ ಕಮ್ಯುನಿಸ್ಟ್ ಭೀತಿಯ ರೂಪಕ ಎಂಬುದು ಇನ್ನೊಂದು. ಮೊದಲನೆಯದು ನೋಡದವರ ಮಾತು, ಎರಡನೆಯದು ನೋಡಿಯೂ ಕಾಣದ ವಿದ್ವಾಂಸರ ಮಾತು. ಎರಡನ್ನೂ ನಾನು ಒಪ್ಪಲಾರೆ.

1958ರ ‘ದಿ ಬ್ಲಾಬ್’ ಚಿತ್ರವನ್ನೇ ತೆಗೆದುಕೊಳ್ಳಿ. ಮುದ್ದೆಯ ಬಣ್ಣ ಕೆಂಪಲ್ಲವೇ, ಆದ್ದರಿಂದ ಅದು ಕಮ್ಯುನಿಸಮ್ಮೇ ಎಂದು ಪಂಡಿತರ ತರ್ಕ. ಉಲ್ಕೆಯಿಂದ ಹೊರಬಂದಾಗ ಅದು ಕೆಂಪಾಗಿರಲಿಲ್ಲ. ಮುದುಕನೊಬ್ಬನ ಕೈಗೆ ಅಂಟಿ, ಅವನನ್ನು ತಿನ್ನುತ್ತ ಕೆಂಪಾಯಿತು. ಅದು ರಕ್ತದ ಬಣ್ಣ, ಬಾವುಟದ್ದಲ್ಲ. ವೈದ್ಯರು ಅದಕ್ಕೆ ಆಹುತಿಯಾದುದನ್ನು ಕಿಟಕಿಯಲ್ಲಿ ಕಂಡ ಸ್ಟೀವ್ ಎಂಬ ಹುಡುಗ ಪೊಲೀಸರಿಗೆ ಹೇಳುತ್ತಾನೆ. ಹೆಣ ಸಿಗುವುದಿಲ್ಲ, ಹುಡುಗಾಟವೆಂದು ಹಿರಿಯರು ಮನೆಗೆ ಕಳುಹಿಸುತ್ತಾರೆ. ಅಲ್ಲಿಂದ ಮುಂದೆ ಮುದ್ದೆ ಬೆಳೆಯುವುದು ಮನುಷ್ಯರನ್ನು ತಿಂದು ಮಾತ್ರವಲ್ಲ, ಹಿರಿಯರ ಅಪನಂಬಿಕೆಯನ್ನೂ ತಿಂದು.

ಆ ಹುಡುಗನದು ನಿಜವಾದ ವಿಜ್ಞಾನಿಯ ದೃಷ್ಟಿ. ಅಂಗಡಿಯ ಶೀತಲ ಕೋಣೆಯ ಬಾಗಿಲಿನವರೆಗೆ ಬಂದ ಮುದ್ದೆ ಹಿಂದೆ ಸರಿದುದನ್ನು ಅವನು ನೋಡಿದ್ದ. ಬೆಂಕಿ ಆರಿಸುವ ಸಿಲಿಂಡರಿನ ಇಂಗಾಲದ ಡೈಆಕ್ಸೈಡಿಗೂ ಅದು ಹೆದರಿದಾಗ, ಎರಡನ್ನೂ ಸೇರಿಸಿ ಕಾರಣ ಕಂಡುಕೊಂಡ: ಚಳಿ. ವೀಕ್ಷಣೆ, ಹೋಲಿಕೆ, ತೀರ್ಮಾನ. ನಾವು ಎಂಟನೆಯ ತರಗತಿಯಲ್ಲಿ ಬಾಯಿಪಾಠ ಮಾಡಿಸುವ ಮೂರು ಶಬ್ದಗಳಿವು. ಕೊನೆಗೆ ಆ ಊರಿನ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರೇ ಕಲ್ಲೆಸೆದು ತಮ್ಮ ಶಾಲೆಯ ಬಾಗಿಲಿನ ಗಾಜು ಒಡೆದು, ಸಿಲಿಂಡರುಗಳನ್ನು ತರಲು ಒಳನುಗ್ಗುತ್ತಾರೆ. ವೃತ್ತಿಬಾಂಧವರೆಲ್ಲ ನೋಡಬೇಕಾದ ದೃಶ್ಯ!

ಅದೇ ವರ್ಷದ ಬ್ರಿಟಿಷ್ ಚಿತ್ರ ‘ಫೀಂಡ್ ವಿದೌಟ್ ಎ ಫೇಸ್’ ಇದರ ಇನ್ನೊಂದು ಮಗ್ಗುಲು. ಕೆನಡಾದ ಮ್ಯಾನಿಟೋಬಾದಲ್ಲಿ ಒಂಟಿಯಾಗಿ ಸಂಶೋಧನೆ ನಡೆಸುವ ಪ್ರೊಫೆಸರರ ಆಲೋಚನೆಗಳೇ ಅದೃಶ್ಯ ಜೀವಿಗಳಾಗಿ, ಪಕ್ಕದ ವಾಯುನೆಲೆಯ ಅಣುಶಕ್ತಿಯನ್ನು ಕದ್ದು ಜನರನ್ನು ಕೊಲ್ಲುತ್ತವೆ. ಶಕ್ತಿ ಹೆಚ್ಚಾದಾಗ ಕಣ್ಣಿಗೆ ಬೀಳುವ ಅವುಗಳ ರೂಪ, ಬೆನ್ನುಹುರಿಯನ್ನು ಬಾಲದಂತೆ ಎಳೆದುಕೊಂಡು ಹರಿದಾಡುವ ಮಿದುಳು. ಕಿವಿಯೇ ಇಲ್ಲದ ಮಿದುಳು! ಯಾರೊಡನೆಯೂ ಚರ್ಚಿಸದ, ಯಾರ ಮಾತನ್ನೂ ಕೇಳದ ವಿದ್ವತ್ತಿಗೆ ಇದಕ್ಕಿಂತ ತಕ್ಕ ಚಿತ್ರ ನನಗೆ ಸಿಕ್ಕಿಲ್ಲ. ಅಣುಸ್ಥಾವರದಿಂದಲೇ ಕೇಡು ಎಂದು ದೂರಿದ ಹಳ್ಳಿಗರನ್ನು ಅಧಿಕಾರಿಗಳು ಅಜ್ಞಾನಿಗಳೆಂದು ಬಗೆದರು. ಹಳ್ಳಿಗರು ಅರ್ಧ ಸರಿಯಾಗಿದ್ದರು. ಕೊನೆಗೆ ಸ್ಥಾವರವನ್ನು ನಿಲ್ಲಿಸಿದ ಮೇಲೆಯೇ ಆ ಜೀವಿಗಳು ಸತ್ತವು.

ನಾನೂ ಅಂತಹ ಮಿದುಳಾಗಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, “ಸಾರ್, ಲ್ಯಾಬಿನ ಕಪಾಟಿನ ಹಿಂದೆ ಹಾವಿದೆ” ಎಂದ. ಪ್ರಾಕ್ಟಿಕಲ್ ತಪ್ಪಿಸುವ ನೆಪವೆಂದು ಗದರಿಸಿ ನಿಲ್ಲಿಸಿದೆ. ಎಲ್ಲರನ್ನೂ ಅದೇ ಕೋಣೆಯಲ್ಲಿ ಒಂದು ಗಂಟೆ ಕೂರಿಸಿದೆ. ಮರುದಿನ ಅಟೆಂಡರ್ ಅಲ್ಲಿಂದ ಕೊಳಕುಮಂಡಲವನ್ನು ಹೊರಹಾಕಿದ. ಹುಡುಗ ಏನೂ ಅನ್ನಲಿಲ್ಲ. ಆದರೆ ಆಮೇಲೆ ನನ್ನ ತರಗತಿಯಲ್ಲಿ ಅವನು ಕೈ ಎತ್ತಲೇ ಇಲ್ಲ. ಹಾವಿಗಿಂತ ಅದೇ ಇಂದಿಗೂ ನನ್ನನ್ನು ಕಾಡುತ್ತದೆ.

ಆದ್ದರಿಂದ ಈ ಚಿತ್ರಗಳನ್ನು ರಾಜಕೀಯ ಒಗಟುಗಳೆಂದು ಬಿಡಿಸಿ ಬದಿಗಿಡುವುದು ನನಗೆ ಸಮ್ಮತವಲ್ಲ. ಅದು ಆಪಾದನೆಯನ್ನು ಬೇರೊಂದು ದೇಶಕ್ಕೆ, ಬೇರೊಂದು ಕಾಲಕ್ಕೆ ದಾಟಿಸುವ ಉಪಾಯ. ಕಂಡದ್ದನ್ನು ಹೇಳಿದವನನ್ನು ವಯಸ್ಸು ನೋಡಿ, ಅಂತಸ್ತು ನೋಡಿ ಬಾಯಿ ಮುಚ್ಚಿಸುವವರ ಮೇಲಿನ ಆಪಾದನೆ ಅದು.

‘ದಿ ಬ್ಲಾಬ್’ನ ಮುದ್ದೆ ಸಾಯುವುದಿಲ್ಲ. ಹೆಪ್ಪುಗಟ್ಟಿದ ಅದನ್ನು ವಿಮಾನದಿಂದ ಉತ್ತರಧ್ರುವದ ಹಿಮದ ಮೇಲೆ ಇಳಿಸುತ್ತಾರೆ. ಅಲ್ಲಿ ಚಳಿ ಇರುವ ತನಕ ಭಯವಿಲ್ಲವೆಂಬ ಸಮಾಧಾನ. ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆ. ಇಂದು ಆ ಧ್ರುವಪ್ರದೇಶವೇ ಜಗತ್ತಿನ ಸರಾಸರಿಗಿಂತ ಬಹುವೇಗವಾಗಿ ಬಿಸಿಯಾಗುತ್ತಿದೆ. ಅದನ್ನು ಶಾಲಾಮಕ್ಕಳು ಬೀದಿಗಿಳಿದು ಹೇಳಿದರೆ, ಹೋಗಿ ಓದಿಕೊಳ್ಳಿ ಎನ್ನುವ ಹಿರಿಯರು ನಮ್ಮ ನಡುವೆ ಬೇಕಾದಷ್ಟಿದ್ದಾರೆ.