ಬೀಳುವುದಕ್ಕೂ ಇಂಗ್ಲಿಷಿನ ಅಪ್ಪಣೆ ಬೇಕೆ?

ಫ್ರೆಂಚ್ ಭಾಷೆಯನ್ನು ಕಲಿಯಲು ತೊಡಗಿದ ಕನ್ನಡದ ವಿದ್ಯಾರ್ಥಿಯು ‘ತೋಂಬೇ’ ಎಂಬ ಕ್ರಿಯಾಪದವನ್ನು ಕಂಡೊಡನೆ ನಿಘಂಟನ್ನು ತೆರೆದು, ಅಲ್ಲಿ ‘ಫಾಲ್’ ಎಂಬ ಇಂಗ್ಲಿಷ್ ಅರ್ಥವನ್ನು ಓದಿ, ಅದನ್ನು ಮನಸ್ಸಿನಲ್ಲಿಯೇ ‘ಬೀಳು’ ಎಂದು ತಿರುಗಿಸಿಕೊಂಡು, ಎರಡು ಹೊಳೆಗಳನ್ನು ದಾಟಿ ಬಂದ ಆ ಅರ್ಥವನ್ನೇ ಮೂಲದ ಅರ್ಥವೆಂದು ನಂಬಿ ಮುಂದೆ ಸಾಗುವ ಪದ್ಧತಿಯು ನಮ್ಮ ವಿದ್ಯಾಭ್ಯಾಸದಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದರಲ್ಲಿ ಆಕ್ಷೇಪಿಸತಕ್ಕದ್ದೇನಿದೆ ಎಂದು ಕೇಳುವವರೇ ಹೆಚ್ಚು. ಆಕ್ಷೇಪಿಸತಕ್ಕದ್ದು ಬಹಳವಿದೆ ಎಂಬುದು ನನ್ನ ಮತ.

ಫ್ರೆಂಚರು ‘ತೋಂಬೇ ಮಲಾದ್’ ಎನ್ನುವಲ್ಲಿ ಕನ್ನಡಿಗನು ‘ಕಾಯಿಲೆ ಬಿದ್ದ’ ಎನ್ನುತ್ತಾನೆ. ಇಲ್ಲಿ ಇಂಗ್ಲಿಷಿನ ಮಧ್ಯಸ್ಥಿಕೆಯಿಂದ ಹಾನಿಯೂ ಇಲ್ಲ, ಲಾಭವೂ ಇಲ್ಲ. ಆದರೆ ಅವರ ವಾಹನವು ‘ತೋಂಬೇ ಆಂ ಪಾನ್’ ಆದಾಗ ಅದು ಯಾವ ಹಳ್ಳಕ್ಕೂ ಬಿದ್ದಿರುವುದಿಲ್ಲ; ಭದ್ರಾವತಿಯ ಬಿ.ಎಚ್. ರಸ್ತೆಯಲ್ಲಿ ಲಾರಿಗಳು ಕೆಟ್ಟು ನಿಲ್ಲುವಂತೆ ಕೆಟ್ಟು ನಿಂತಿರುತ್ತದೆ, ಅಷ್ಟೆ. ‘ಲೆಸೇ ತೋಂಬೇ’ ಎಂದರೆ ‘ಹೋಗಲಿ ಬಿಡು’. ‘ಸಾ ತೋಂಬ್ ಬಿಯಾಂ’ ಎಂದರೆ ‘ಒಳ್ಳೆಯ ಸಮಯಕ್ಕೆ ಬಂತು’. ಇನ್ನು ಪ್ರೇಮದ ವಿಷಯದಲ್ಲಿ ಫ್ರೆಂಚರೂ ಬೀಳುತ್ತಾರೆ, ಇಂಗ್ಲಿಷರೂ ಬೀಳುತ್ತಾರೆ. ನಮ್ಮ ಹಿಂದಿನವರಾದರೋ ಮನಸೋಲುತ್ತಿದ್ದರು, ಮರುಳಾಗುತ್ತಿದ್ದರು. ಈಚಿನ ಕಥಾನಾಯಕರು ‘ಪ್ರೀತಿಯಲ್ಲಿ ಬೀಳು’ವುದನ್ನು ಕಲಿತದ್ದು ಇಂಗ್ಲಿಷಿನಿಂದಲೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ವಿಪರ್ಯಾಸವೆಂದರೆ, ಕನ್ನಡದ ‘ಬೀಳು’ ಎಂಬುದು ಬಡವಾದ ಪದವಲ್ಲ. ನಮಗೆ ಕನಸು ಬೀಳುತ್ತದೆ, ಸುದ್ದಿ ಕಿವಿಗೆ ಬೀಳುತ್ತದೆ, ಬೇಡವಾದವನು ಗಂಟುಬೀಳುತ್ತಾನೆ, ಉತ್ಸಾಹಿಯು ಮೇಲೆ ಬಿದ್ದು ಕೆಲಸ ಮಾಡುತ್ತಾನೆ, ಉಳುವವರಿಲ್ಲದ ಹೊಲವು ಬೀಳುಬೀಳುತ್ತದೆ. 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆಯಲ್ಲಿ 2015ರಿಂದ ಉತ್ಪಾದನೆಯು ನಿಂತುಹೋಗಿರುವ ನಮ್ಮ ಭದ್ರಾವತಿಯಲ್ಲಿ ‘ಬೀಗ ಬಿತ್ತು’ ಎಂಬ ಎರಡು ಶಬ್ದಗಳು ಹೊರುವ ಭಾರವನ್ನು, ‘ಫಾಲ್’ ಎಂಬ ಒಂದೇ ಅರ್ಥವನ್ನು ಬರೆದು ಮುಂದಿನ ಪದಕ್ಕೆ ಹೋಗುವ ನಿಘಂಟುಕಾರನು ಒಮ್ಮೆ ಆ ಕಾರ್ಖಾನೆಯ ಬಡಾವಣೆಯಾದ ಪೇಪರ್ ಟೌನಿಗೆ ಬಂದು ತಿಳಿಯಬೇಕು.

ಬೀಳುವುದನ್ನು ಹೇಳುವ ಇನ್ನೊಂದು ಫ್ರೆಂಚ್ ಪದವಾದ ‘ಶ್ಯೂತ್’ ಎಂಬುದರ ವೃತ್ತಾಂತವು ಮತ್ತೂ ಸ್ವಾರಸ್ಯವಾದುದು. ಪತನ, ಜಲಪಾತ ಎಂಬೆರಡು ಅರ್ಥಗಳುಳ್ಳ ಈ ನಾಮಪದವು ಇಂಗ್ಲಿಷಿಗೆ ‘ಶೂಟ್’ ಆಗಿ ಹೋಗಿ, ಅದಿರು ಇದ್ದಿಲುಗಳನ್ನು ಮೇಲಿನಿಂದ ಕೆಳಕ್ಕೆ ಜಾರಿಸುವ ಇಳಿಗಾಲುವೆಯ ಹೆಸರಾಗಿ ಜಗತ್ತಿನ ಕಾರ್ಖಾನೆಗಳಲ್ಲೆಲ್ಲ ಹರಡಿತು. 1923ರಿಂದ ಇದ್ದಿಲಿನ ಬೆಂಕಿಯಲ್ಲಿ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿ ಕಬ್ಬಿಣ ತೆಗೆದ ಭದ್ರಾವತಿಯಂತಹ ಊರಿಗೆ ಅದು ದೂರದ ಶಬ್ದವೇನೂ ಅಲ್ಲ. 1797ರಲ್ಲಿ ಗಾರ್ನೆರಾಂ ಎಂಬ ಸಾಹಸಿಯು ಪ್ಯಾರಿಸಿನ ಆಕಾಶದಲ್ಲಿ ಬಲೂನಿನಿಂದ ಬೇರ್ಪಟ್ಟು ಸುರಕ್ಷಿತವಾಗಿ ಭೂಮಿಗಿಳಿದ ‘ಪ್ಯಾರಾಶೂಟ್’ ಎಂಬ ಸಾಧನದ ಹೆಸರಿನೊಳಗೂ, ಪತನದಿಂದ ಕಾಯುವುದು ಎಂಬ ಅರ್ಥದಲ್ಲಿ, ಇದೇ ಪದವು ಅಡಗಿದೆ.

ನಮ್ಮ ಜಿಲ್ಲೆಯ ಅತಿ ಪ್ರಸಿದ್ಧ ಜಲಪಾತಕ್ಕೂ ಫ್ರೆಂಚಿನ ನಂಟು ಇತ್ತೆಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಬೇಕು. ಜೋಗದಲ್ಲಿ ಶರಾವತಿಯು ಸುಮಾರು 253 ಮೀಟರು ಕೆಳಕ್ಕೆ ಧುಮುಕುವ ನಾಲ್ಕು ಧಾರೆಗಳಲ್ಲಿ, ಈಗ ನಾವು ರಾಣಿ ಎನ್ನುವುದನ್ನು ಆಂಗ್ಲರ ಕಾಲದ ಗ್ಯಾಸೆಟಿಯರು ‘ದಾಮ್ ಬ್ಲಾಂಶ್’, ಎಂದರೆ ಶ್ವೇತವರ್ಣದ ಮಹಿಳೆ, ಎಂದು ನಮೂದಿಸಿದೆ. ಬರೆದವರು ಇಂಗ್ಲಿಷರು, ಇಟ್ಟ ಹೆಸರು ಫ್ರೆಂಚು, ಹರಿದ ನೀರು ಮಲೆನಾಡಿನದು! ಮಲೆನಾಡಿಗರಾದರೋ ಬೀಳುವ ನೀರಿಗೆ ‘ಅಬ್ಬಿ’ ಎಂದರು. ಜೋಗವನ್ನು, ಬೀಳುವ ನೀರನ್ನು ಬಿಟ್ಟು ಅದು ಬೀಳುವ ತಾಣವನ್ನೇ ಹಿಡಿದು, ‘ಜೋಗದ ಗುಂಡಿ’ ಎಂದು ಕರೆದರು. ‘ವಾಟರ್‌ಫಾಲ್’ ಎಂಬುದನ್ನು ತಿರುಗಿಸಿ ‘ಜಲಪಾತ’ ಎಂದು ಮಾತ್ರ ಕಲಿತ ಮಕ್ಕಳಿಗೆ ಈ ಎರಡು ಮಾತುಗಳೂ ಸಿಕ್ಕುವುದಿಲ್ಲ.

‘ಶ್ಯೂತ್’ ಎಂಬುದರ ಮೂಲವಾದ ಲ್ಯಾಟಿನ್ ಧಾತುವು ‘ಕಾದೆರೆ’. ಅದರಿಂದಲೇ, ಸೂರ್ಯನು ಬೀಳುವ ದಿಕ್ಕೆಂಬ ಅರ್ಥದಲ್ಲಿ, ಫ್ರೆಂಚರ ‘ಒಕ್ಸಿದಾಂ’ ಎಂಬ ಪಶ್ಚಿಮವಾಚಕವು ಹುಟ್ಟಿದೆ. ಕನ್ನಡದ ‘ಪಡುವಣ’ವೂ ಸೂರ್ಯನು ಪಡುವ ದಿಕ್ಕೇ ಅಲ್ಲವೆ? ಕಾರ್ಖಾನೆಯ ವಸತಿಗಳಲ್ಲಿ ನಮ್ಮ ನೆರೆಯವರಾಗಿ ಬಾಳುತ್ತಿರುವ ತೆಲುಗರು ಇಂದಿಗೂ ಬೀಳುವುದಕ್ಕೆ ‘ಪಡು’ ಎನ್ನುತ್ತಾರೆ. ತಮಿಳರ ‘ವಿೞು’ ನಮ್ಮ ಹಳಗನ್ನಡದ ‘ಬೀೞ್’ ಎಂಬುದರ ಒಡಹುಟ್ಟು. ಆಲದ ಬಿಳಲೂ ಆ ಮನೆತನದ್ದೇ. ‘ವೆಸ್ಟ್’ ಎಂಬ ಇಂಗ್ಲಿಷ್ ಪದದ ಕಿಟಕಿಯಿಂದಲೇ ಎರಡು ಕಡೆಗೂ ನೋಡುವವನಿಗೆ ಈ ಸಾಮ್ಯವು ಗೋಚರಿಸದು.

ಇಂಗ್ಲಿಷನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಜರ್ಮನ್ ದೇಶದ ಕಿಟೆಲರು 1894ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ಮಹಾನಿಘಂಟಿನಲ್ಲಿ ಕನ್ನಡಕ್ಕೆ ಅರ್ಥ ಬರೆದದ್ದು ಇಂಗ್ಲಿಷಿನಲ್ಲಿ. ಮೈಸೂರು ಸೀಮೆಯಲ್ಲಿ ಬಹುಕಾಲವಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಬರೆದ ಗ್ರಂಥವೂ 1816ರಲ್ಲಿ ಮೊದಲು ಅಚ್ಚಾದದ್ದು ಇಂಗ್ಲಿಷ್ ಅನುವಾದವಾಗಿಯೇ. ಅಂದಿನ ಅಧಿಕಾರದ ಭಾಷೆ ಅದಾಗಿದ್ದಿತು. ಕನ್ನಡ ಸಾಹಿತ್ಯ ಪರಿಷತ್ತು ಪ್ರಯೋಗಗಳ ಸಮೇತ ಎಂಟು ಸಂಪುಟಗಳ ನಿಘಂಟನ್ನು ಮುಗಿಸಿದ ಮೇಲೂ, ಪರಭಾಷೆಯನ್ನು ಕಲಿಯುವಾಗ ನಮ್ಮ ಭಾಷೆಯನ್ನು ಬಾಗಿಲ ಹೊರಗೆ ನಿಲ್ಲಿಸುವುದಕ್ಕೆ ಆ ಕಾರಣವು ಇಂದು ಸಾಲದು.

ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿಯೇ ಇರುವ ಕುವೆಂಪು ವಿಶ್ವವಿದ್ಯಾನಿಲಯವು, ಫ್ರೆಂಚ್ ಬಲ್ಲ ಕನ್ನಡಿಗರನ್ನು ಕೂಡಿಸಿ, ಬೀಳು, ಏಳು, ಹೋಗು, ಬರು ಎಂಬಂತಹ ನಿತ್ಯದ ನೂರು ಕ್ರಿಯಾಪದಗಳಿಗೆ ಮಾತ್ರವಾದರೂ, ಇಂಗ್ಲಿಷಿನ ಸೋಂಕಿಲ್ಲದೆ ನೇರವಾಗಿ ಫ್ರೆಂಚಿನಿಂದ ಕನ್ನಡಕ್ಕೆ, ಆಡುಮಾತಿನ ಪ್ರಯೋಗಗಳೊಡನೆ, ಒಂದು ಸಣ್ಣ ನಿಘಂಟನ್ನು ಸಿದ್ಧಪಡಿಸಿ ವಿದ್ಯಾರ್ಥಿಗಳಿಗೆ ಸುಲಭ ಬೆಲೆಯಲ್ಲಿ ದೊರಕಿಸಬೇಕೆಂದು ಕೋರುತ್ತೇನೆ.