ಹೆಣ್ಣಿನ ಮತ ಹೆಣ್ಣಿಗೇಕೆ ಬೀಳಲಿಲ್ಲ?

2024ರ ನವೆಂಬರ್ 5ರಂದು ಅಮೆರಿಕದ ಅರಿಜೋನಾ ರಾಜ್ಯದ ಮಾರಿಕೋಪಾ ಕೌಂಟಿಯ ಮತದಾರರ ಕೈಗೆ ಸಿಕ್ಕಿದ್ದು ಎರಡು ಹಾಳೆಯ ಮತಪತ್ರ. ಅದರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಕಮಲಾ ಹ್ಯಾರಿಸ್ ಮತ್ತು ರಿಪಬ್ಲಿಕನ್ ಪಕ್ಷದ ಡೊನಾಲ್ಡ್ ಟ್ರಂಪ್ ಹೆಸರುಗಳಿದ್ದವು. ಮುಂದಕ್ಕೆ ಹೋದರೆ 139ನೇ ಪ್ರಸ್ತಾವ: ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಬೇಕೇ, ಬೇಡವೇ? ಇಡೀ ರಾಜ್ಯದಲ್ಲಿ ಸೇರಿಸಿ ಎಂದವರು ಶೇ 61ಕ್ಕೂ ಹೆಚ್ಚು. ಅದೇ ಮತಪತ್ರದ ಅಧ್ಯಕ್ಷೀಯ ಪೈಪೋಟಿಯಲ್ಲಿ ಗೆದ್ದವರು ಟ್ರಂಪ್. ರಾಜ್ಯದಲ್ಲಿ ಅಂತರ ಶೇ 5.5. ಗರ್ಭಪಾತದ ಹಕ್ಕನ್ನು 2022ರಲ್ಲಿ ರದ್ದು ಮಾಡಿದ ಸುಪ್ರೀಂ ಕೋರ್ಟ್‌ಗೆ ಮೂವರು ನ್ಯಾಯಮೂರ್ತಿಗಳನ್ನು ನೇಮಿಸಿದವರು ಇದೇ ಟ್ರಂಪ್. ನೆವಾಡಾ, ಮಿಸೌರಿ, ಮೊಂಟಾನಾ ರಾಜ್ಯಗಳಲ್ಲೂ ಇದೇ ಕಥೆ. ಪ್ರಸ್ತಾವವೂ ಗೆದ್ದಿತು, ಟ್ರಂಪ್ ಕೂಡ ಗೆದ್ದರು.

ಅಂದರೆ ಲಕ್ಷಾಂತರ ಜನ ಒಂದೇ ಕೈಯಿಂದ ಎರಡೂ ಕಡೆ ಗುರುತು ಹಾಕಿದ್ದಾರೆ. ಅವರಲ್ಲಿ ಹೆಂಗಸರು ಕಡಿಮೆಯೇನೂ ಇರಲಿಕ್ಕಿಲ್ಲ. ಹ್ಯಾರಿಸ್ ಸೋತ ಮರುದಿನದಿಂದಲೇ ಎರಡು ಸಿದ್ಧ ಉತ್ತರಗಳು ಓಡಾಡತೊಡಗಿದವು. ‘ಕಪ್ಪು ಬಣ್ಣದವಳೆಂದು ಸೋಲಿಸಿದರು’ ಎಂಬುದು ಒಂದು, ‘ಹೆಣ್ಣೆಂದು ಸೋಲಿಸಿದರು’ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯದ ಅಂಶವಿದೆ. ಆದರೆ ಎರಡೂ ನೋಡುವುದು ಅಭ್ಯರ್ಥಿಯ ಮುಖವನ್ನು ಮಾತ್ರ. ಜನಾಂಗ ಮತ್ತು ಲಿಂಗ ಹೆಚ್ಚು ಕೆಲಸ ಮಾಡುವುದು ಮತದಾರರ ಸ್ವಂತ ಬದುಕಿನೊಳಗೆ. ಅವರು ಯಾರ ಜೊತೆ ಒಂದೇ ಸೂರಿನಡಿ ಇದ್ದಾರೆ, ಯಾವ ಚರ್ಚಿಗೆ ಹೋಗುತ್ತಾರೆ, ಕಾಲೇಜು ಮೆಟ್ಟಿಲು ಹತ್ತಿದ್ದಾರೆಯೇ, ಏನನ್ನು ಕಳೆದುಕೊಳ್ಳುವ ಭಯ ಅವರಿಗಿದೆ ಎಂಬಲ್ಲಿ.

ಬಿಳಿಯ ಮಹಿಳೆಯರಿಂದಲೇ ಶುರು ಮಾಡೋಣ. ಅಮೆರಿಕದ ಮತದಾರರಲ್ಲಿ ಅತಿ ದೊಡ್ಡ ಗುಂಪು ಅವರದು. 2016ರಲ್ಲಿ ಹಿಲರಿ ಕ್ಲಿಂಟನ್ ಸೋತಾಗ ಇವರಲ್ಲಿ ಶೇ 52ರಷ್ಟು ಮಂದಿ ಟ್ರಂಪ್‌ಗೆ ಮತ ಕೊಟ್ಟರೆಂದು ಮತಗಟ್ಟೆ ಸಮೀಕ್ಷೆ ಹೇಳಿ ಜಗತ್ತನ್ನೇ ಬೆಚ್ಚಿಬೀಳಿಸಿತು. ಮತ ಹಾಕಿದ್ದನ್ನು ದಾಖಲೆಯಲ್ಲಿ ಖಚಿತಪಡಿಸಿಕೊಂಡು ಪ್ಯೂ ಸಂಶೋಧನಾ ಸಂಸ್ಥೆ ಮಾಡಿದ ಲೆಕ್ಕದಲ್ಲಿ ಅದು 47ಕ್ಕೆ ಇಳಿಯಿತು, ಕ್ಲಿಂಟನ್‌ಗೆ 45. ಅಂಕಿ ಯಾವುದೇ ಇರಲಿ, ಬೆಚ್ಚಿಬೀಳುವಂಥದ್ದೇನೂ ಅದರಲ್ಲಿರಲಿಲ್ಲ. 1952ರಿಂದ ಈಚೆಗೆ ಬಿಳಿಯ ಮಹಿಳೆಯರ ಒಲವು ಡೆಮಾಕ್ರಟಿಕ್ ಅಭ್ಯರ್ಥಿಯ ಕಡೆ ವಾಲಿದ್ದು 1964 ಮತ್ತು 1996ರಲ್ಲಿ ಮಾತ್ರ. ಆ ಎರಡೂ ಸಲ ಅಭ್ಯರ್ಥಿ ಬಿಳಿಯ ಗಂಡಸು. 2024ರಲ್ಲಿ ಮತಗಟ್ಟೆ ಸಮೀಕ್ಷೆಯ ಪ್ರಕಾರ ಶೇ 53ರಷ್ಟು ಬಿಳಿಯ ಮಹಿಳೆಯರು ಟ್ರಂಪ್ ಕಡೆ ನಿಂತರು. ಅದನ್ನು ಇನ್ನಷ್ಟು ಬಿಡಿಸಿ ನೋಡಿದರೆ ಕಾಲೇಜು ಪದವಿ ಇಲ್ಲದವರಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ಟ್ರಂಪ್‌ಗೆ, ಪದವಿ ಇದ್ದವರಲ್ಲಿ ಸ್ಪಷ್ಟ ಬಹುಮತ ಹ್ಯಾರಿಸ್‌ಗೆ. ಹೆಣ್ಣುತನ ಒಂದೇ, ಬಣ್ಣವೂ ಒಂದೇ. ಮತ ಮಾತ್ರ ಉತ್ತರ–ದಕ್ಷಿಣ.

ಇದೇಕೆ ಹೀಗೆ? ಹೆಂಗಸರಿಗೆ ತಮ್ಮದೇ ಕೇರಿ ಇಲ್ಲ, ತಮ್ಮದೇ ಪ್ರಾರ್ಥನಾ ಮಂದಿರವೂ ಇಲ್ಲ. ಗಂಡ, ಅಪ್ಪ, ಅಣ್ಣತಮ್ಮಂದಿರ ನಡುವೆಯೇ ಅವರ ಬದುಕು. ಮನೆಸಾಲ ಜಂಟಿ, ಆರೋಗ್ಯ ವಿಮೆ ಗಂಡನ ಕಂಪನಿಯದು, ಮಕ್ಕಳ ಶಾಲೆ ಆ ಬಡಾವಣೆಯದು. ಬಿಳಿಯ ಕುಟುಂಬಕ್ಕೆ ಅಮೆರಿಕದಲ್ಲಿ ಸಿಗುವ ಅನುಕೂಲಗಳಲ್ಲಿ ಆ ಮನೆಯ ಹೆಣ್ಣಿಗೂ ಪಾಲುಂಟು. ಗಂಡಸಿನಿಂದ ಆಗುವ ಅನ್ಯಾಯದ ವಿರುದ್ಧ ಆಕೆಗೆ ಸಿಟ್ಟು ಇರಬಹುದು, ಗರ್ಭಪಾತದ ಪ್ರಸ್ತಾವಕ್ಕೆ ಹೌದು ಎಂದು ಗುರುತು ಹಾಕಬಹುದು. ಆದರೆ ಸರ್ಕಾರ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಬಂದಾಗ ಮನೆಯ ಲೆಕ್ಕ ಮುಂದೆ ಬರುತ್ತದೆ. ಪ್ರಸ್ತಾವ ಇದ್ದ ರಾಜ್ಯಗಳಲ್ಲಿ ಆ ಸಿಟ್ಟನ್ನು ಬೇರೆಯಾಗಿಯೇ ತೀರಿಸಿಕೊಳ್ಳುವ ಅವಕಾಶವೂ ಸಿಕ್ಕಿತು. ಅದು ಡೆಮಾಕ್ರಟಿಕ್ ತಂತ್ರಗಾರರು ಬಯಸಿದ್ದಕ್ಕೆ ತದ್ವಿರುದ್ಧ ಫಲ ಕೊಟ್ಟಿತು ಎಂಬುದು ನನ್ನ ಅನುಮಾನ.

ಕಪ್ಪು ಮಹಿಳೆಯರ ಕಥೆ ಬೇರೆ. ಆಗಿನ ಅಧ್ಯಕ್ಷ ಜೋ ಬೈಡನ್ ಕಣದಿಂದ ಹಿಂದೆ ಸರಿದದ್ದು 2024ರ ಜುಲೈ 21ರ ಭಾನುವಾರ. ಅದೇ ರಾತ್ರಿ ‘ವಿನ್ ವಿತ್ ಬ್ಲ್ಯಾಕ್ ವಿಮೆನ್’ ಎಂಬ ಬಳಗ ಕರೆದ ಝೂಮ್ ಸಭೆಗೆ 40 ಸಾವಿರಕ್ಕೂ ಹೆಚ್ಚು ಮಂದಿ ಸೇರಿಕೊಂಡರು. ಕೆಲವೇ ಗಂಟೆಗಳಲ್ಲಿ 15 ಲಕ್ಷ ಡಾಲರ್ ಒಟ್ಟಾಯಿತು. ಇದು ಹ್ಯಾರಿಸ್ ಮುಖ ನೋಡಿ ಒಂದು ರಾತ್ರಿಯಲ್ಲಿ ಹುಟ್ಟಿದ ಉತ್ಸಾಹವಲ್ಲ. ಕಪ್ಪು ಜನರ ಚರ್ಚುಗಳು, ಹೋವರ್ಡ್‌ನಂಥ ವಿಶ್ವವಿದ್ಯಾಲಯಗಳು, ಹ್ಯಾರಿಸ್ ಕೂಡ ಸದಸ್ಯೆಯಾಗಿರುವ ಆಲ್ಫಾ ಕಪ್ಪಾ ಆಲ್ಫಾದಂಥ ವಿದ್ಯಾರ್ಥಿನಿ ಸಂಘಗಳು ನೂರು ವರ್ಷಗಳಿಂದ ಕಟ್ಟಿದ ಜಾಲ ಅದು. ಕಪ್ಪು ಮತದಾರರು ಒಟ್ಟಾಗಿ ಉಳಿದಿರುವುದರ ಹಿಂದೆ ಸಮುದಾಯದೊಳಗಿನ ನಿರೀಕ್ಷೆ, ಒತ್ತಡಗಳೂ ಇವೆ ಎಂದು ರಾಜ್ಯಶಾಸ್ತ್ರಜ್ಞ ಇಸ್ಮಾಯಿಲ್ ವೈಟ್ ಮತ್ತು ಅವರ ಸಹಲೇಖಕಿ 2020ರ ಪುಸ್ತಕವೊಂದರಲ್ಲಿ ವಾದಿಸಿದ್ದಾರೆ. ನಮ್ಮ ಕಡೆ ಮಠ, ಸಂಘ, ಹಾಸ್ಟೆಲುಗಳ ರಾಜಕಾರಣ ಕಂಡವರಿಗೆ ಇದು ಹೊಸದೆನಿಸುವುದಿಲ್ಲ. ಕಪ್ಪು ಮಹಿಳೆಯರಲ್ಲಿ ಹತ್ತಕ್ಕೆ ಒಂಬತ್ತು ಮತ ಹ್ಯಾರಿಸ್‌ಗೆ ಬಿತ್ತು. ಬೈಡನ್‌ಗೂ ಅಷ್ಟೇ ಬಿದ್ದಿತ್ತು.

ಆ ಜಾಲ ಎಲ್ಲಿ ಸಡಿಲವೋ ಅಲ್ಲಿ ಮತವೂ ಚದುರುತ್ತದೆ. ಚರ್ಚಿಗೆ ಹೋಗದ, ಪಾಡ್‌ಕಾಸ್ಟ್ ಕೇಳುತ್ತಾ ಬೆಳೆದ ಕಪ್ಪು ಯುವಕರಲ್ಲಿ ಒಂದು ಪಾಲು ಟ್ರಂಪ್ ಕಡೆ ವಾಲಿತು. ಅಕ್ಟೋಬರ್‌ನಲ್ಲಿ ಪಿಟ್ಸ್‌ಬರ್ಗ್‌ಗೆ ಬಂದ ಬರಾಕ್ ಒಬಾಮ, ಹೆಣ್ಣೊಬ್ಬಳು ಅಧ್ಯಕ್ಷೆಯಾಗುವುದು ನಿಮಗೆ ಹಿಡಿಸುತ್ತಿಲ್ಲವೇನೋ ಎಂಬ ಅರ್ಥದಲ್ಲಿ ಕಪ್ಪು ಗಂಡಸರನ್ನು ಗದರಿಸಿದರು. ಫಲಿತಾಂಶ ನೋಡಿದರೆ ಆ ಗದರಿಕೆ ವಿಚಿತ್ರವೆನಿಸುತ್ತದೆ. ಕಪ್ಪು ಗಂಡಸರಲ್ಲಿ ನಾಲ್ವರಲ್ಲಿ ಮೂವರು ಹ್ಯಾರಿಸ್‌ಗೇ ಮತ ಕೊಟ್ಟರು. ಶೇ 60ರಷ್ಟು ಬಿಳಿಯ ಗಂಡಸರು ಟ್ರಂಪ್ ಪರ ನಿಂತರು, ಅವರನ್ನು ಕೂರಿಸಿ ಬುದ್ಧಿ ಹೇಳಲು ಯಾರೂ ಹೋಗಲಿಲ್ಲ.

ಲ್ಯಾಟಿನೊ ಗಂಡಸರ ಮೇಲೂ ಇದೇ ಆರೋಪ ಬಂತು. ಅವರು ಗಂಡಸುತನದ ಅಹಂಕಾರದವರು, ಹೆಣ್ಣಿನ ಆಳ್ವಿಕೆ ಒಪ್ಪುವುದಿಲ್ಲ ಎಂದು. ಟೆಕ್ಸಾಸ್‌ನ ದಕ್ಷಿಣ ತುದಿಯಲ್ಲಿ ರಿಯೊ ಗ್ರಾಂಡೆ ನದಿಗೆ ತಾಗಿಕೊಂಡಿರುವ ಸ್ಟಾರ್ ಕೌಂಟಿಗೆ ಹೋಗಿ ಈ ವಾದವನ್ನು ಪರೀಕ್ಷಿಸಬಹುದು. ಅಲ್ಲಿನ ಜನರಲ್ಲಿ ಶೇ 95ಕ್ಕೂ ಹೆಚ್ಚು ಮಂದಿ ಲ್ಯಾಟಿನೊಗಳು. 2024ರಲ್ಲಿ ಟ್ರಂಪ್ ಅಲ್ಲಿ ಸುಮಾರು ಶೇ 58 ಮತ ಪಡೆದರು. ರಿಪಬ್ಲಿಕನ್ ಅಭ್ಯರ್ಥಿಯೊಬ್ಬರು ಅಲ್ಲಿ ಗೆದ್ದದ್ದು 1892ರ ನಂತರ ಅದೇ ಮೊದಲು. ಹೆಣ್ಣು ಎಂಬ ಕಾರಣಕ್ಕೆ ಅವರು ಕೈಬಿಟ್ಟರೇ? ಅದೇ ಕೌಂಟಿ 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಶೇ 79 ಮತ ಕೊಟ್ಟಿತ್ತು. ಡೆಮಾಕ್ರಟಿಕ್ ಮುನ್ನಡೆ 60ರಿಂದ ಸುಮಾರು 5ಕ್ಕೆ ಕುಸಿದದ್ದು 2020ರಲ್ಲಿ, ಕಣದಲ್ಲಿ ಬೈಡನ್ ಎಂಬ ಬಿಳಿಯ ಗಂಡಸು ಇದ್ದಾಗ! ಇನ್ನು ಗಡಿಯಾಚೆಗಿನ ಮೆಕ್ಸಿಕೊ 2024ರ ಜೂನ್‌ನಲ್ಲಿ ಕ್ಲಾಡಿಯಾ ಶೇನ್‌ಬಾಮ್ ಅವರನ್ನು ಶೇ 60ರ ಆಸುಪಾಸಿನ ಮತ ಕೊಟ್ಟು ಅಧ್ಯಕ್ಷೆ ಮಾಡಿತು. ಗಂಡಸುತನದ ಅಹಂಕಾರ ನದಿ ದಾಟಿದ ಮೇಲೆ ಮಾತ್ರ ಹುಟ್ಟುತ್ತದೆ ಎನ್ನಬೇಕೇ?

ಕಾರಣವನ್ನು ಬೆಲೆಯೇರಿಕೆಯಲ್ಲಿ ಹುಡುಕಬೇಕು. 2022ರ ಜೂನ್‌ನಲ್ಲಿ ಅಮೆರಿಕದ ಹಣದುಬ್ಬರ ಶೇ 9.1 ತಲುಪಿತ್ತು. ಆಮೇಲೆ ಬೆಲೆಗಳ ಒಟ್ಟಾರೆ ಮಟ್ಟ ಹಿಂದಿನಷ್ಟಕ್ಕೆ ಇಳಿಯಲಿಲ್ಲ. ವಾರದ ಸಂಬಳದಲ್ಲಿ ಮೊಟ್ಟೆ, ಪೆಟ್ರೋಲು, ಬಾಡಿಗೆ ನಿಭಾಯಿಸುವ ಗಡಿನಾಡಿನ ಮನೆಗಳಲ್ಲಿ ಲ್ಯಾಟಿನೊ ಹೆಂಗಸರೂ ಡೆಮಾಕ್ರಟರಿಂದ ದೂರ ಸರಿದರು. ಪ್ಯೂ ಲೆಕ್ಕದಲ್ಲಿ ಒಟ್ಟು ಲ್ಯಾಟಿನೊ ಮತ ಹ್ಯಾರಿಸ್‌ಗೆ 51, ಟ್ರಂಪ್‌ಗೆ 48. ಕಾನೂನುಬದ್ಧವಾಗಿ ಬಂದು ಬೇರೂರಿದವರಿಗೆ ನಿನ್ನೆ ಗಡಿ ನುಸುಳಿ ಬಂದವರ ಜೊತೆ ತಮ್ಮನ್ನು ಸೇರಿಸಿ ಎಣಿಸುವುದು ಇಷ್ಟವಾಗುವುದಿಲ್ಲ ಎಂಬುದನ್ನೂ ಡೆಮಾಕ್ರಟರು ತಡವಾಗಿ ಕಲಿತರು.

ನಮ್ಮವರ ಕಡೆಗೂ ಒಂದು ನೋಟ ಹಾಯಿಸಬಹುದು. ಹ್ಯಾರಿಸ್ ಅವರ ತಾತನ ಊರಾದ ತಮಿಳುನಾಡಿನ ತುಳಸೇಂದ್ರಪುರಂನಲ್ಲಿ ಪೂಜೆ ನಡೆಯಿತು, ಟಿ.ವಿ. ವಾಹಿನಿಗಳು ಬೆಳಗಿನಿಂದ ತೋರಿಸಿದವು. ಮತ ಇದ್ದದ್ದು ಅಲ್ಲಲ್ಲ. ಚುನಾವಣೆಗೆ ಮುನ್ನ ಕಾರ್ನೆಗಿ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಹ್ಯಾರಿಸ್ ಪರ ಇದ್ದ ಭಾರತೀಯ ಮೂಲದ ಅಮೆರಿಕನ್ನರು ಶೇ 61. ಅದಕ್ಕೂ ನಾಲ್ಕು ವರ್ಷ ಹಿಂದೆ ಬೈಡನ್ ಪರ ಇದ್ದವರು ಶೇ 68. ಅರ್ಧ ಭಾರತೀಯಳಾದ ಅಭ್ಯರ್ಥಿಗೆ ಭಾರತೀಯರ ಬೆಂಬಲ ಕಡಿಮೆ! 40ಕ್ಕಿಂತ ಕಿರಿಯ ಗಂಡಸರಂತೂ ಟ್ರಂಪ್ ಕಡೆಗೇ ಹೆಚ್ಚು ಒಲಿದಿದ್ದರು. ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಡೆಟ್ರಾಯ್ಟ್‌ನಿಂದ ಅಮೆರಿಕ ಸಂಸತ್ತಿಗೆ ಆಯ್ಕೆಯಾದರು. ಕಪ್ಪು ಜನರೇ ಬಹುಸಂಖ್ಯಾತರಾದ ಆ ನಗರಕ್ಕೆ ಸುಮಾರು 70 ವರ್ಷಗಳಲ್ಲಿ ಮೊದಲ ಬಾರಿಗೆ ಕಪ್ಪು ಸಂಸದರಿಲ್ಲದಂತಾಯಿತು. ಡೆಮಾಕ್ರಟಿಕ್ ಪಕ್ಷದೊಳಗಿನ ಪ್ರಾಥಮಿಕ ಸ್ಪರ್ಧೆಯಲ್ಲಿ ಒಂಬತ್ತು ಅಭ್ಯರ್ಥಿಗಳಿದ್ದರು, ಕಪ್ಪು ಅಭ್ಯರ್ಥಿಗಳ ನಡುವೆ ಮತ ಹಂಚಿಹೋಯಿತು, ಥಾಣೇದಾರ್ ಸ್ವಂತ ಹಣವನ್ನು ನೀರಿನಂತೆ ಸುರಿದರು. ಶೇ 28ರಷ್ಟು ಮತ ಸಾಕಾಯಿತು.

ಹಾಗಾದರೆ ಪೂರ್ವಗ್ರಹ ಕೆಲಸವನ್ನೇ ಮಾಡಲಿಲ್ಲವೇ? ಖಂಡಿತ ಮಾಡಿತು. ಷಿಕಾಗೊದಲ್ಲಿ ಕಪ್ಪು ಪತ್ರಕರ್ತರ ಸಭೆಯಲ್ಲೇ ಕುಳಿತು ಟ್ರಂಪ್, ಹ್ಯಾರಿಸ್ ಇದ್ದಕ್ಕಿದ್ದಂತೆ ಕಪ್ಪು ವರ್ಣೀಯಳಾದಳು ಎಂದು ಕುಟುಕಿದರು. ಅಂಥ ಮಾತಿಗೆ ಕಿವಿಗೊಡುವವರು ಇದ್ದಾರೆಂದು ಗೊತ್ತಿದ್ದೇ ಆಡಿದ ಮಾತದು. ಆ ಬಗ್ಗೆ ಟಿ.ವಿ. ಸಂದರ್ಶನದಲ್ಲಿ ಕೇಳಿದಾಗ ಹ್ಯಾರಿಸ್ ಅದೇ ಹಳೇ ಆಟವೆಂದು ತಳ್ಳಿಹಾಕಿ ಮುಂದಿನ ಪ್ರಶ್ನೆ ಕೇಳಿ ಎಂದರು. ತಾನು ಹೆಣ್ಣೆಂಬುದನ್ನು ಪ್ರಚಾರದ ಮುನ್ನೆಲೆಗೆ ತಂದ ಕ್ಲಿಂಟನ್ ಸೋತರು, ಅದನ್ನು ಬಾಯಿಬಿಟ್ಟು ಹೇಳದ ಹ್ಯಾರಿಸ್ ಕೂಡ ಸೋತರು. 1972ರಲ್ಲಿ ಡೆಮಾಕ್ರಟಿಕ್ ಉಮೇದುವಾರಿಕೆಗೆ ಸ್ಪರ್ಧಿಸಿದ ಕಪ್ಪು ಮಹಿಳೆ ಶರ್ಲಿ ಚಿಸೊಮ್, ಕಪ್ಪು ಬಣ್ಣಕ್ಕಿಂತ ಹೆಣ್ಣಾದದ್ದಕ್ಕೇ ತಾನು ಹೆಚ್ಚು ತಾರತಮ್ಯ ಉಂಡೆ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಇಂಥ ಪೂರ್ವಗ್ರಹವನ್ನು ಅಳೆಯುವುದು ಕಷ್ಟ. ಸಮೀಕ್ಷೆಯವರ ಮುಂದೆ ಯಾರೂ ತಾನು ಜನಾಂಗದ್ವೇಷಿ ಎಂದು ಒಪ್ಪಿಕೊಳ್ಳುವುದಿಲ್ಲ. 1982ರಲ್ಲಿ ಕ್ಯಾಲಿಫೋರ್ನಿಯಾ ಗವರ್ನರ್ ಚುನಾವಣೆಯ ಸಮೀಕ್ಷೆಗಳಲ್ಲಿ ಮುಂದಿದ್ದ ಕಪ್ಪು ಮೇಯರ್ ಟಾಮ್ ಬ್ರಾಡ್ಲಿ ಮತ ಎಣಿಕೆಯಲ್ಲಿ ಸೋತಾಗಿನಿಂದ ಈ ಗುಮಾನಿ ಇದ್ದೇ ಇದೆ. ಫಲಿತಾಂಶ ನಿರ್ಧರಿಸಿದ ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್ ಮೂರೂ ಸೇರಿ ಟ್ರಂಪ್‌ಗಿದ್ದ ಮುನ್ನಡೆ ಸುಮಾರು 2.3 ಲಕ್ಷ ಮತ. ಅಷ್ಟನ್ನು ಅಲ್ಲಾಡಿಸಲು ಪೂರ್ವಗ್ರಹ ಬೆಟ್ಟದಷ್ಟು ಇರಬೇಕಾಗಿಲ್ಲ.

ಹೀಗಿದ್ದೂ ಡೆಮಾಕ್ರಟಿಕ್ ಪಕ್ಷದೊಳಗೆ ಈಗ ಕೇಳಿಬರುತ್ತಿರುವ ಪಿಸುಮಾತು ನನಗೆ ಒಪ್ಪಿಗೆಯಿಲ್ಲ. 2028ಕ್ಕೆ ಹೆಣ್ಣು ಬೇಡ, ಕಪ್ಪು ಬಣ್ಣ ಬೇಡ, ಬಿಳಿಯ ಗಂಡಸೊಬ್ಬನನ್ನು ಹುಡುಕಿ ಎನ್ನುವ ಮಾತದು. ಮಿಷೆಲ್ ಒಬಾಮ ಕೂಡ 2025ರ ನವೆಂಬರ್‌ನಲ್ಲಿ, ಹೆಣ್ಣಿನ ಆಡಳಿತಕ್ಕೆ ದೇಶ ಇನ್ನೂ ತಯಾರಾಗಿಲ್ಲ ಎಂದು ಬೇಸರದಿಂದ ಹೇಳಿದರು. ಅವರ ಬೇಸರ ಅರ್ಥವಾಗುತ್ತದೆ, ತೀರ್ಮಾನ ಮಾತ್ರ ಅವಸರದ್ದು. ಹ್ಯಾರಿಸ್ ಸೋತ ಅದೇ ದಿನ, ಅವರು ಸೋತ ಅದೇ ಮಿಷಿಗನ್‌ನಲ್ಲಿ ಎಲಿಸ್ಸಾ ಸ್ಲಾಟ್ಕಿನ್, ವಿಸ್ಕಾನ್ಸಿನ್‌ನಲ್ಲಿ ಟ್ಯಾಮಿ ಬಾಲ್ಡ್‌ವಿನ್, ನೆವಾಡಾದಲ್ಲಿ ಜಾಕಿ ರೋಸನ್ ಡೆಮಾಕ್ರಟಿಕ್ ಪಕ್ಷದಿಂದಲೇ ಸೆನೆಟ್‌ಗೆ ಗೆದ್ದರು. ಮೂವರೂ ಬಿಳಿಯರು, ನಿಜ. ಪೆನ್ಸಿಲ್ವೇನಿಯಾದಲ್ಲಿ ಸೋತ ಬಾಬ್ ಕೇಸಿ ಕೂಡ ಬಿಳಿಯರೇ. ಮೂರು ಅವಧಿಯ ಸೆನೆಟರ್, ಮಾಜಿ ಗವರ್ನರ್ ಮಗ, ಗಂಡಸು. ಅದೇ ದಿನ ಮೇರಿಲ್ಯಾಂಡ್‌ನಿಂದ ಏಂಜೆಲಾ ಆಲ್ಸೊಬ್ರುಕ್ಸ್, ಡೆಲವೇರ್‌ನಿಂದ ಲೀಸಾ ಬ್ಲಂಟ್ ರೋಚೆಸ್ಟರ್ ಆಯ್ಕೆಯಾದರು. ಇಬ್ಬರು ಕಪ್ಪು ಮಹಿಳೆಯರು ಏಕಕಾಲಕ್ಕೆ ಸೆನೆಟ್‌ನಲ್ಲಿ ಕುಳಿತದ್ದು ಅಮೆರಿಕದ ಇತಿಹಾಸದಲ್ಲಿ ಅದೇ ಮೊದಲು.