ಮಹಜರಿನ ದನಿಯಲ್ಲಿ ಒಂದು ಕ್ರಿಸ್‌ಮಸ್

1952ರ ಡಿಸೆಂಬರಿನಲ್ಲಿ, ಮನೆಮನೆಯಲ್ಲೂ ಹಬ್ಬದ ಸಡಗರ ಏರುತ್ತಿದ್ದಾಗ, ಅಮೆರಿಕದ ಎನ್‌ಬಿಸಿ ವಾಹಿನಿ ‘ಡ್ರ್ಯಾಗ್‌ನೆಟ್’ ಎಂಬ ಪೊಲೀಸ್ ಧಾರಾವಾಹಿಯಲ್ಲಿ ಒಬ್ಬ ಹುಡುಗನ ಸಾವಿನ ಕಥೆ ಹೇಳಿತು. 1949ರಲ್ಲಿ ರೇಡಿಯೊದಲ್ಲಿ ಬಂದಿದ್ದ ಕಥೆಯೇ ಅದು. ಲಾಸ್ ಏಂಜಲೀಸ್‌ನ ಒಂದು ಮನೆಯಿಂದ ಸ್ಟ್ಯಾನ್ಲಿ ಎಂಬ ಹುಡುಗ ಕಾಣೆಯಾಗಿದ್ದಾನೆ. ಅವನಿಗೆಂದು ತಂದಿಟ್ಟಿದ್ದ ಕ್ರಿಸ್‌ಮಸ್ ಉಡುಗೊರೆಯ ಪೆಟ್ಟಿಗೆ ಹಬ್ಬಕ್ಕೆ ಮೊದಲೇ ಬಿಚ್ಚಿಕೊಂಡಿದೆ. ಅದರಲ್ಲಿದ್ದದ್ದು .22 ರೈಫಲ್.

ಸ್ಟ್ಯಾನ್ಲಿ ಜೀವಂತ ಸಿಗುತ್ತಾನೆ. ಸತ್ತವನು ಅವನ ಗೆಳೆಯ ಸ್ಟೀವಿ. ಬಂದೂಕು ಹಿಡಿದು ಓಡುವಾಗ ಎಡವಿ ಬಿದ್ದ, ಗುಂಡು ಹಾರಿತು, ಅಷ್ಟೆ. ಹಿಡಿಯಲು ಕಳ್ಳನಿಲ್ಲ, ಹೊರಿಸಲು ಕೊಲೆಯಿಲ್ಲ. ಅರ್ಧ ಗಂಟೆಯ ಪತ್ತೇದಾರಿಯಲ್ಲಿ ಅಪರಾಧಿಯೇ ಇಲ್ಲದಿದ್ದರೆ ನೋಡುಗನ ಸಿಟ್ಟು ಹೋಗಿ ಕೂರುವುದಾದರೂ ಎಲ್ಲಿ?

ಧಾರಾವಾಹಿಯ ಪತ್ತೇದಾರ ಸಾರ್ಜೆಂಟ್ ಫ್ರೈಡೇ ಆಗಿ ನಟಿಸಿ, ನಿರ್ದೇಶನವನ್ನೂ ಮಾಡಿದ ಜ್ಯಾಕ್ ವೆಬ್‌ಗೆ ‘ನಟನೆ’ ಕಂಡರಾಗದು. ಕಲಾವಿದರು ಮಾತನ್ನು ಬಾಯಿಪಾಠ ಮಾಡಿ ಭಾವ ತುಂಬುವುದು ಬೇಡವೆಂದು ಟೆಲಿಪ್ರಾಂಪ್ಟರ್ ನೋಡಿ ಓದಿಸುತ್ತಿದ್ದ. ಫ್ರೈಡೇಯ ನಿರೂಪಣೆಯೋ, ನಮ್ಮ ಠಾಣೆಯ ರೈಟರ್ ಬರೆದ ಮಹಜರಿನಂತೆ: ವಾರ, ಹವಾಮಾನ, ಯಾವ ಪಾಳಿ, ಯಾವ ವಿಭಾಗ. ಈ ಒಣದನಿಯ ಬೆಲೆ ತಿಳಿಯುವುದು ಕೊನೆಯಲ್ಲಿ. ಸ್ಟೀವಿಯ ತಂದೆ ಸ್ಟ್ಯಾನ್ಲಿಯ ಬಳಿ ಬರುತ್ತಾನೆ. ಏನು ಮಾಡಿಬಿಡುತ್ತಾನೋ ಎಂದು ನಮಗೆ ಎದೆ ಹೊಡೆದುಕೊಳ್ಳುತ್ತಿರುವಾಗ, ತನ್ನ ಮಗನಿಗೆಂದು ಕೊಂಡಿದ್ದ ಆಟಿಕೆಗಳನ್ನೆಲ್ಲ ಈ ಹುಡುಗನಿಗೆ ಕೊಟ್ಟುಬಿಡುತ್ತಾನೆ. ಬೇರೆ ಯಾರ ಕೈಯಲ್ಲಾದರೂ ಇದು ಕಣ್ಣೀರಿನ ಕೋಡಿಯಾಗುತ್ತಿತ್ತು. ಇಲ್ಲಿ ಯಾರೂ ದನಿ ಏರಿಸುವುದಿಲ್ಲ. ಸಂಕಟ ನಮ್ಮ ಪಾಲಿಗೇ ಉಳಿಯುತ್ತದೆ.

ಬಂದೂಕು ಪ್ರಿಯರಿಗೆ ಮಾತ್ರ ಕಥೆ ಚುಚ್ಚಿತು. ನ್ಯಾಷನಲ್ ರೈಫಲ್ ಅಸೋಸಿಯೇಷನ್ ಕಡೆಯಿಂದ ದೂರಿನ ಪತ್ರಗಳು ರಾಶಿ ಬಿದ್ದವು. ವೆಬ್ ಅವನ್ನು ನಗರದ ಪೊಲೀಸ್ ಮುಖ್ಯಸ್ಥ ವಿಲಿಯಂ ಪಾರ್ಕರ್‌ಗೆ ದಾಟಿಸಿದ. ಮಕ್ಕಳ ಕೈಗೆ ರೈಫಲ್ ಕೊಡುವ ಮೂರ್ಖತನದ ಮೇಲೆ ಇನ್ನೂ ಹತ್ತು ಕಥೆ ಬರುತ್ತವೆ ಎಂದು ಪಾರ್ಕರ್ ಮಾತು ಕೊಟ್ಟ. ಭೇಷ್ ಎನ್ನಬೇಕು.

ಆದರೆ ಪೊಲೀಸ್ ಇಲಾಖೆಯೊಂದು ಧಾರಾವಾಹಿಯ ಪರವಾಗಿ ಹೀಗೆ ಮಾತು ಕೊಡುತ್ತಿದೆ ಎಂಬುದನ್ನೂ ಗಮನಿಸಬೇಕು. ಕಥೆಗಳು ಬರುತ್ತಿದ್ದದ್ದು ಆ ಇಲಾಖೆಯ ಕಡತಗಳಿಂದ. ಚಿತ್ರಕಥೆಗೆ ಒಪ್ಪಿಗೆಯ ಮುದ್ರೆ ಬೀಳುತ್ತಿದ್ದದ್ದೂ ಅಲ್ಲೇ. ಮಹಜರಿಗೆ ಹೊರಗಿನ ಪಂಚರ ಸಹಿ ಬೇಕು. ಇಲ್ಲಿ ಬರೆಸಿದವರೇ ಪಂಚರು.

ಈ ಕಂತಿಗೆ ಸುಮಾರು ಒಂದು ವರ್ಷದ ಹಿಂದೆ, 1951ರ ಕ್ರಿಸ್‌ಮಸ್ ಬೆಳಗಿನ ಜಾವ, ಇದೇ ಲಾಸ್ ಏಂಜಲೀಸ್‌ನಲ್ಲಿ ಪೊಲೀಸರು ತಮ್ಮ ವಶದಲ್ಲಿದ್ದ ಏಳು ಯುವಕರನ್ನು ಮನಸೋ ಇಚ್ಛೆ ಬಡಿದಿದ್ದರು. ಐವರು ಮೆಕ್ಸಿಕನ್ ಮೂಲದವರು. ‘ಬ್ಲಡಿ ಕ್ರಿಸ್‌ಮಸ್’ ಎಂದೇ ಹೆಸರಾದ ಆ ಪ್ರಕರಣದಲ್ಲಿ ಎಂಟು ಪೊಲೀಸರ ಮೇಲೆ ಆರೋಪಪಟ್ಟಿ ಬಂತು, 39 ಮಂದಿ ಅಮಾನತಾದರು, 54 ಮಂದಿಗೆ ವರ್ಗವಾಯಿತು. ಮರುವರ್ಷ ಕಿರುತೆರೆಯಲ್ಲಿ ಜನ ಕಂಡದ್ದು ಕೈ ಎತ್ತದ, ಕೂಗಾಡದ ಫ್ರೈಡೇಯನ್ನು. ಅವನ ತಣ್ಣನೆಯ ದನಿಯನ್ನು ನಂಬಿದವರು ಇಲಾಖೆಯನ್ನೂ ನಂಬಿದರು.

ವೆಬ್ 1982ರಲ್ಲಿ ತೀರಿಕೊಂಡಾಗ, ಫ್ರೈಡೇ ತೆರೆಯ ಮೇಲೆ ತೊಡುತ್ತಿದ್ದ ಬ್ಯಾಡ್ಜ್ ಸಂಖ್ಯೆ 714 ಅನ್ನು ಇನ್ನು ಯಾರಿಗೂ ಕೊಡಬಾರದೆಂದು ಇಲಾಖೆ ತೀರ್ಮಾನಿಸಿತು.